ಕಾಲುವೆ ತಿರುವಿನಲ್ಲಿ ಆರುವ ದೀಪ

‘ಗುರುಗಳೇ, ನಿಮ್ಮ ಮುಂದೆ ಕೂತಾಗ ಹತ್ತಿಕೊಳ್ಳುವ ಬೆಳಕು ನಮ್ಮ ಮನೆಯ ಹೊಸ್ತಿಲು ದಾಟಿದ ಕೂಡಲೇ ಯಾಕೆ ಆರಿಹೋಗುತ್ತದೆ?’ ಎಂದು ಓಬಳೇಶ ಕೇಳಿದ.

ಓಬಳೇಶ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಉತ್ತರ ತಪ್ಪಾದರೆ ಗಾಬರಿ ಬೀಳಬೇಡಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ, ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದವನು. ಈಗ ಆರು ತಿಂಗಳಿಂದ ತನ್ನನ್ನೇ ಹಾಗೆ ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ಧ್ಯಾನಕ್ಕೆ ಕೂರುವ ಹೊತ್ತು ಬದಲಿಸಿದ. ಚಾಪೆ ಬದಲಿಸಿದ. ಪೂರ್ವಕ್ಕಿದ್ದ ಮುಖವನ್ನು ಉತ್ತರಕ್ಕೆ ತಿರುಗಿಸಿದ. ಕಾಫಿ ಬಿಟ್ಟ. ಕಾಫಿ ಬಿಟ್ಟದ್ದಕ್ಕೆ ತಲೆನೋವು ಬಂತೇ ಹೊರತು ಬೇರೇನೂ ಬರಲಿಲ್ಲ. ಹೆಂಡತಿ, ‘ಯಾವುದಾದರೂ ಒಂದನ್ನು ಬಿಡ್ರಿ, ಮನೆಯವರ ಜೀವ ತಿನ್ನೋದನ್ನ ಮೊದಲು ಬಿಡ್ರಿ’ ಎಂದಳು. ಅದನ್ನೂ ಪ್ರಯತ್ನಿಸಿ ನೋಡಿದ.

ಗುರುಗಳು ತಿಪ್ಪೇರುದ್ರಯ್ಯನವರು. ಅವರಿಗೆ ಮಠವಿಲ್ಲ, ಕಾವಿಯಿಲ್ಲ. ಬಸ್ ನಿಲ್ದಾಣದ ಹಿಂದೆ ಮೂವತ್ತು ವರ್ಷ ಗಾಡಿಗಳ ವೈರಿಂಗ್ ಕೆಲಸದ ಅಂಗಡಿ ಇಟ್ಟುಕೊಂಡಿದ್ದವರು. ವಯಸ್ಸಾದ ಮೇಲೆ ಅಂಗಡಿ ಮುಚ್ಚಿ ಮನೆಯ ಹಿತ್ತಲ ಹೊಂಗೆ ಮರದ ಕೆಳಗೆ ಕೂರತೊಡಗಿದರು. ಸುಮ್ಮನೆ ಕೂತವರ ಹತ್ತಿರ ಜನ ಬಂದು ಕೂತರು, ಕೂತವರು ಏನೇನೋ ಕೇಳಿದರು, ಅವರು ಒಂದೊಂದು ಕತೆ ಹೇಳಿದರು. ಹಾಗೆ ಯಾವಾಗ ಗುರುಗಳಾದರೋ ಅವರಿಗೇ ಗೊತ್ತಿಲ್ಲ. ಬೆಸುಗೆ ಹಾಕುವ ಕಡ್ಡಿ ತಾಗಿ ಸುಟ್ಟ ಕಲೆಗಳು ಈಗಲೂ ಅವರ ಬೆರಳುಗಳ ಮೇಲಿವೆ.

ಓಬಳೇಶ ಕೇಳಿದ್ದು ಪೂರ್ತಿ ಪ್ರಶ್ನೆಯಲ್ಲ. ಪೂರ್ತಿ ಪ್ರಶ್ನೆ ಅವನ ಗಂಟಲಲ್ಲೇ ಇತ್ತು. ಮರುದಿನ, ಸೋಮವಾರ, ಅವನ ಅಣ್ಣ ಪಾಲಯ್ಯನ ಮಗಳ ಮದುವೆ. ಮುಹೂರ್ತ ಹತ್ತೂವರೆಗೆ. ಹೋಗಬೇಕೋ ಬೇಡವೋ ಎಂಬುದು ಐದು ದಿನದಿಂದ ತೀರ್ಮಾನವಾಗಿರಲಿಲ್ಲ. ನಾಳೆ ಹೋಗದಿದ್ದರೆ ಇನ್ನು ಈ ಜನ್ಮದಲ್ಲಿ ಅಣ್ಣನ ಮನೆಯ ಬಾಗಿಲು ತನಗಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಪ್ಪ ಇಲ್ಲದ ಮನೆಯಲ್ಲಿ ಅವನನ್ನು ಓದಿಸಿದವನು ಆ ಅಣ್ಣ. ದರ್ಜಿ. ತಮ್ಮನ ಸ್ಕೂಲು ಚಡ್ಡಿಯಿಂದ ಹಿಡಿದು ಮದುವೆಯ ಅಂಗಿಯವರೆಗೆ ತಾನೇ ಹೊಲಿದವನು. ತಮ್ಮನಿಗೆ ಕೆಲಸ ಸಿಕ್ಕ ದಿನ ಅಮ್ಮನನ್ನೂ ಅವನನ್ನೂ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಮೂವರದೂ ಪಟ ತೆಗೆಸಿ, ಓಬಳೇಶ ಈಗಲೂ ಇರುವ ಮನೆಯ ಪಡಸಾಲೆಯ ಗೋಡೆಗೆ ತಾನೇ ಮೊಳೆ ಹೊಡೆದು, ಹೊಡೆಯುವಾಗ ಹೆಬ್ಬೆರಳು ಜಜ್ಜಿಕೊಂಡು ನಕ್ಕವನು. ಮೂರು ವರ್ಷದ ಹಿಂದೆ ಅಮ್ಮ ತೀರಿಕೊಂಡಳು. ತಿಥಿಯ ದಿನ, ಬಂಧುಬಳಗ ಎಲೆಯ ಮುಂದೆ ಕೂತಿದ್ದಾಗ, ಓಬಳೇಶ ಎಲ್ಲರೆದುರು ಅಣ್ಣನಿಗೆ ಹೇಳಿದ: ‘ನೀನು ಒಂದು ದಿನ ಮೊದಲೇ ಆಸ್ಪತ್ರೆಗೆ ಸೇರಿಸಿದ್ದರೆ ಅಮ್ಮ ಬದುಕುತ್ತಿದ್ದಳು.’ ಪಾಲಯ್ಯ ಎಲೆ ಮಡಿಸಿ, ಕೈ ತೊಳೆದು, ಹೆಂಡತಿ ಮಗಳನ್ನು ಕರೆದುಕೊಂಡು ಹೋದ. ಅಂದಿನಿಂದ ಮಾತಿಲ್ಲ. ಆ ಪಟವನ್ನು ಓಬಳೇಶ ಗೋಡೆಯಿಂದ ಇಳಿಸಿ, ಅಮ್ಮನ ಸೀರೆಯೊಂದರಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ.

ಈಗ ಅತ್ತಿಗೆ ಬಂದು, ಒಳಗೆ ಕಾಲಿಡದೆ, ಮದುವೆಯ ಕಾಗದವನ್ನು ಓಬಳೇಶನ ಹೆಂಡತಿಯ ಕೈಗೆ ಕೊಟ್ಟು ಹೋಗಿದ್ದಳು. ಓಬಳೇಶ ಅದನ್ನು ತೆರೆಯಲಿಲ್ಲ. ದಿನ, ಮುಹೂರ್ತ ತಿಳಿದದ್ದು ಹೆಂಡತಿಯ ಬಾಯಿಂದಲೇ. ಪಡಸಾಲೆಯಲ್ಲಿ ಗುರುಗಳ ಪಟವಿತ್ತು. ದಿನವೂ ಹೂವೇರಿಸಿ, ಊದುಬತ್ತಿ ಹಚ್ಚಿ, ತಾನೊಬ್ಬನೇ ಮುಟ್ಟುವ ಪಟ. ಅದರ ಕೆಳಗಿನ ಮಣೆಯ ಮೇಲೆ ಕಾಗದ ಇಟ್ಟು, ನೀವೇ ದಾರಿ ತೋರಿಸಿ ಎಂದು ಕೈ ಮುಗಿದ. ಪಟ ಏನು ತೋರಿಸೀತು? ಕೂತಷ್ಟೂ ತಲೆ ಗೋಜಲಾಯಿತು.

ಈ ಸುದ್ದಿಯನ್ನೆಲ್ಲ ಅವನು ಗುರುಗಳಿಗೆ ಹೇಳಲಿಲ್ಲ. ಕೇಳಿದ್ದು ಬೆಳಕಿನ ವಿಷಯ ಮಾತ್ರ.

ಗುರುಗಳು ಸ್ವಲ್ಪ ಹೊತ್ತು ಅವನ ಮುಖ ನೋಡಿದರು.

‘ನನ್ನ ಮುಂದೆ ಉರಿಯುತ್ತದೆ, ಮನೆಗೆ ಹೋದರೆ ಆರುತ್ತದೆ. ಅಷ್ಟೇ ತಾನೇ?’ ಎಂದರು.

‘ಅಷ್ಟೇ ಗುರುಗಳೇ. ಎಲ್ಲ ಬದಲಿಸಿ ನೋಡಿದೆ.’

‘ಎಲ್ಲ ಬದಲಿಸಿದವನ ಕತೆ ಒಂದಿದೆ, ಕೇಳು’ ಎಂದು ಗುರುಗಳು ಕಾಲು ಮಡಿಸಿ ಕೂತರು.

ಒಬ್ಬ ಹೂವಿನವನಿದ್ದ. ಅವನು ಸೇವಂತಿಗೆ, ಕನಕಾಂಬರ ಬೆಳೆಯುತ್ತಿದ್ದ. ಹೆಂಡತಿ ಕಟ್ಟುತ್ತಿದ್ದಳು. ಬೆಳಗಿನ ಜಾವ ಮೋಟಾರ್ ಸೈಕಲ್ಲಿನ ಎರಡೂ ಬದಿಗೆ ಬುಟ್ಟಿ ಇಳಿಬಿಟ್ಟು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಒಂಬತ್ತು ಮೈಲಿ ದೂರದ ಪೇಟೆಗೆ ಹೋಗುತ್ತಿದ್ದ. ಪೇಟೆಯ ದೇವಸ್ಥಾನದ ಬಾಗಿಲು ತೆರೆಯುವ ಮೊದಲೇ ಹೂವು ಅಲ್ಲಿರಬೇಕು. ಆದ್ದರಿಂದ ಅವರ ದಾರಿಯೆಲ್ಲ ಕತ್ತಲಲ್ಲೇ.

ದಾರಿ ಉದ್ದಕ್ಕೂ ನೇರ. ನಡುವೆ ಒಂದು ಕಾಲುವೆ ಬರುತ್ತದೆ. ಅಲ್ಲಿ ರಸ್ತೆ ತಟ್ಟನೆ ಎಡಕ್ಕೆ ತಿರುಗಿ ಕಿರುಸೇತುವೆಯ ಮೇಲೆ ಹೋಗುತ್ತದೆ. ಸೇತುವೆಗೆ ತಡೆಗೋಡೆಯಿಲ್ಲ. ಗಾಡಿಯನ್ನು ಹೆಚ್ಚುಕಡಿಮೆ ನಿಲ್ಲಿಸಿ, ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ ಎಳೆದು ತಿರುಗಿಸಬೇಕು.

ಒಂದು ದಿನ ಆ ತಿರುವಿನಲ್ಲಿ ಹೆಡ್‌ಲೈಟು ಆರಿತು. ಹೂವಿನವನು ಎರಡೂ ಕಾಲು ಊರಿ ನಿಂತ. ಸ್ವಿಚ್ಚನ್ನು ಮೇಲೆ ಕೆಳಗೆ ಒತ್ತಿದ. ದೂರದ ಬೆಳಕೂ ಇಲ್ಲ, ಹತ್ತಿರದ ಬೆಳಕೂ ಇಲ್ಲ. ಹಾರ್ನ್ ಒತ್ತಿದರೆ ಕೂಗಿತು. ಹೆಂಡತಿ ಹಿಂದಕ್ಕೆ ತಿರುಗಿ ನೋಡಿದಳು. ಹಿಂದಿನ ಕೆಂಪು ದೀಪ ಉರಿಯುತ್ತಿತ್ತು. ಕಾಲಲ್ಲೇ ತಳ್ಳಿಕೊಂಡು ಸೇತುವೆಗೆ ಬಂದು ಗಾಡಿ ನೇರ ಮಾಡಿದ. ದೀಪ ಹತ್ತಿಕೊಂಡಿತು. ಏನೂ ಆಗೇ ಇಲ್ಲವೆಂಬಂತೆ ಪೇಟೆಯವರೆಗೂ ಉರಿಯಿತು.

ಮರುದಿನವೂ ಅದೇ ತಿರುವಿನಲ್ಲಿ ಆರಿತು. ಅದರ ಮರುದಿನವೂ.

ಓಬಳೇಶನ ಮನಸ್ಸು ಆಗಲೇ ಲೆಕ್ಕಕ್ಕೆ ಇಳಿದಿತ್ತು. ಹಾರ್ನ್ ಇದೆ, ಹಿಂದಿನ ದೀಪ ಇದೆ. ಅಂದರೆ ಬ್ಯಾಟರಿ ಸರಿಯಿದೆ. ಎರಡೂ ಬೆಳಕು ಒಟ್ಟಿಗೆ ಹೋಗುತ್ತವೆ. ಅಂದರೆ ಬಲ್ಬ್ ಅಲ್ಲ. ತಿರುವಿಗೂ ದೀಪಕ್ಕೂ ಏನು ಸಂಬಂಧ? ಈ ಕತೆಗೂ ತನ್ನ ಪ್ರಶ್ನೆಗೂ ಏನು ಸಂಬಂಧ? ಎರಡೂ ತಿಳಿಯಲಿಲ್ಲ.

ಹೂವಿನವನ ಸ್ಥಿತಿಯೂ ಅದೇ ಆಗಿತ್ತು, ಎಂದರು ಗುರುಗಳು. ಮನೆಯ ಮುಂದೆ ಗಾಡಿ ಚಾಲೂ ಮಾಡಿದರೆ ದೀಪ ಉರಿಯುತ್ತದೆ. ಐದು ಮೈಲಿ ಉರಿಯುತ್ತದೆ. ಬೇಕಾದ ಜಾಗದಲ್ಲಿ ಮಾತ್ರ ಕೈ ಕೊಡುತ್ತದೆ. ಊರಲ್ಲಿ ಹೇಳಿದ. ಹೇಳಿದ್ದೇ ತಪ್ಪಾಯಿತು. ಆ ತಿರುವಿನಲ್ಲಿ ಏನೋ ಇದೆ ಎಂದು ಒಬ್ಬ. ಹಿಂದೆ ಅಲ್ಲಿ ಎತ್ತಿನ ಗಾಡಿಯೇ ಮುಳುಗಿತ್ತು ಎಂದು ಇನ್ನೊಬ್ಬ. ಅಲ್ಲಿ ಇಳಿದು ನಡೆದುಕೊಂಡು ಹೋಗು ಎಂದು ಮತ್ತೊಬ್ಬ. ಕೆಟ್ಟಿರುವುದು ಗಾಡಿಯೋ ಜಾಗವೋ ಎಂದು ಹೂವಿನವನಿಗೆ ತಿಳಿಯದಾಯಿತು. ಎರಡಕ್ಕೂ ಮದ್ದು ಮಾಡಿಬಿಡೋಣ ಎಂದುಕೊಂಡ.

ಗಾಡಿ ಹೊಸದಾಗಿ ಬಂದ ದಿನ ಅವನು ಅದನ್ನು ಬೆಟ್ಟದ ದೇವರಿಗೆ ಕೊಂಡೊಯ್ದಿದ್ದ. ಪೂಜಾರಿ ಬೂದುಗುಂಬಳ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಹ್ಯಾಂಡಲ್ಲಿನ ಕುತ್ತಿಗೆಗೆ ಒಂದು ತಾಮ್ರದ ತಗಡು ಇಟ್ಟು, ಕೆಂಪು ಹಳದಿ ಹುರಿದಾರವನ್ನು ಏಳು ಸುತ್ತು ಸುತ್ತಿ ಗಂಟು ಹಾಕಿದ್ದ. ಈಗ ಹೂವಿನವನು ಮತ್ತೆ ಬೆಟ್ಟಕ್ಕೆ ಹೋದ. ಹೀಗಾಗುತ್ತಿದೆ ಎಂದು ಹೇಳಿಕೊಂಡ. ಪೂಜಾರಿ ಒಳ್ಳೆಯವನು. ಹಳೆಯ ದಾರ ಸಡಿಲವಾಗಿದೆ ಎಂದು ಅದರ ಮೇಲೆಯೇ ಇನ್ನೂ ಏಳು ಸುತ್ತು ಸುತ್ತಿ, ಕಾಲು ಕೊಟ್ಟು ಎಳೆದು ಬಿಗಿಮಾಡಿದ.

ಜಾಗಕ್ಕೆ ಮದ್ದಾಯಿತು. ಗಾಡಿಗೆ ಆಗಬೇಕಲ್ಲ. ಮೊದಲನೆಯ ಮೆಕ್ಯಾನಿಕ್ ಹತ್ತಿರ ಹೋದ. ಅವನು ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಚಾಲೂ ಮಾಡಿದ. ದೀಪ ಹಗಲಲ್ಲೂ ಕಣ್ಣು ಕುಕ್ಕುವ ಹಾಗೆ ಉರಿಯಿತು.

‘ನನ್ನ ಮುಂದೆ ಚೆನ್ನಾಗೇ ಉರೀತೈತಲ್ಲಪ್ಪ. ಏನ್ ರಿಪೇರಿ ಮಾಡ್ಲಿ ಹೇಳು?’ ಎಂದ.

ಆದರೂ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಬಲ್ಬು ಬದಲಿಸಿದ. ಮರುದಿನ ತಿರುವಿನಲ್ಲಿ ಹೊಸ ಬಲ್ಬು ಆರಿತು. ಎರಡನೆಯ ಮೆಕ್ಯಾನಿಕ್ ಸ್ವಿಚ್ಚು ಬಿಚ್ಚಿದ. ಒಳಗೆ ಕಿಲುಬು ಹಿಡಿದಿತ್ತು. ಪೆಟ್ರೋಲಿನಲ್ಲಿ ತೊಳೆದು, ಉಜ್ಜಿ, ಕೂರಿಸಿದ. ಸ್ವಿಚ್ಚು ಟಿಕ್ ಟಿಕ್ ಎಂದು ಚೆನ್ನಾಗಿ ಸದ್ದು ಮಾಡಿತು. ಕಿಲುಬು ಇದ್ದದ್ದು ನಿಜ. ಆದರೆ ದೀಪ ಆರುತ್ತಿದ್ದದ್ದು ಅದರಿಂದಲ್ಲ. ಒಂದು ತಪ್ಪು ಸಿಕ್ಕಿತೆಂದು ಅದೇ ತಪ್ಪಿರಬೇಕು ಎಂದುಕೊಂಡ, ಪಾಪ.

ಮೂರನೆಯವನು ಹೆಸರು ಮಾಡಿದವನು. ಬೇರೆ ಯಾರಿಗೂ ಸಿಗದ ದೋಷ ತನಗೆ ಸಿಗುತ್ತದೆಂಬ ಹೆಮ್ಮೆ ಅವನಿಗಿತ್ತು. ಒಂದು ಚಿಕ್ಕ ಬಲ್ಬಿಗೆ ಎರಡು ವೈರು ಕಟ್ಟಿಕೊಂಡು, ಬ್ಯಾಟರಿಯಿಂದ ಹಿಡಿದು ಒಂದೊಂದು ಕಡೆಯೂ ಕರೆಂಟು ಬರುತ್ತಿದೆಯೇ ಎಂದು ಮುಟ್ಟಿಸಿ ನೋಡುತ್ತ ಬಂದ. ಬ್ಯಾಟರಿಯಲ್ಲಿದೆ. ಫ್ಯೂಸಿನಲ್ಲಿದೆ. ಬೀಗದ ಕೈಯ ಹತ್ತಿರ ಇದೆ. ಸ್ವಿಚ್ಚಿನಲ್ಲಿದೆ. ದೀಪದ ಹಿಂದೆಯೂ ಇದೆ. ಅರ್ತ್ ವೈರು ಬಿಚ್ಚಿ, ತುಕ್ಕು ಕೆರೆದು, ಹಾಕಿದ. ಮಧ್ಯಾಹ್ನವಾಯಿತು. ಎಲ್ಲ ಸರಿಯಿರುವ ಗಾಡಿಯ ಮುಂದೆ ಅವನು ತಲೆ ಕೆರೆದುಕೊಂಡು ಕೂತ.

‘ಅವನು ಹ್ಯಾಂಡಲ್ ತಿರುಗಿಸಿ ನೋಡಬೇಕಿತ್ತು!’ ಎಂದ ಓಬಳೇಶ, ಮಕ್ಕಳ ಲೆಕ್ಕದಲ್ಲಿ ತಪ್ಪು ಕಂಡವನ ಹಾಗೆ.

‘ತಿರುಗಿಸಬೇಕಿತ್ತು. ಗಾಡಿ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ಆರುವುದು ತಿರುವಿನಲ್ಲಿ ಎಂದು ಹೂವಿನವನು ಮೂರು ಸಲ ಹೇಳಿದ್ದ. ಮೆಕ್ಯಾನಿಕ್ ತಿರುವು ಎಂದರೆ ಜಾಗ ಎಂದುಕೊಂಡನೇ ಹೊರತು ಹ್ಯಾಂಡಲ್ ಎಂದುಕೊಳ್ಳಲಿಲ್ಲ’ ಎಂದರು ಗುರುಗಳು. ಹೆಬ್ಬೆರಳಿನಿಂದ ಇನ್ನೊಂದು ಬೆರಳಿನ ಸುಟ್ಟ ಕಲೆಯನ್ನು ಸವರಿಕೊಂಡರು.

‘ಅಂಥವನಿಗೆ ಹೆಸರು ಹೇಗೆ ಬಂತೋ!’

‘ನನಗೂ ಆಶ್ಚರ್ಯವೇ. ಅವನನ್ನು ನಾನು ಬಹಳ ಹತ್ತಿರದಿಂದ ಬಲ್ಲೆ’ ಎಂದರು ಗುರುಗಳು.

ಓಬಳೇಶನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಗುರುಗಳು ಅದನ್ನು ಕಂಡೂ ಕಾಣದವರಂತೆ ಕತೆ ಮುಂದುವರಿಸಿದರು.

ಇನ್ನೊಂದು ಮಾತು ಉಳಿದಿದೆ. ಆ ಮೂವರೂ ಗಾಡಿಯನ್ನು ತುದಿಯಿಂದ ತುದಿಗೆ ತಡಕಿದರು. ತಡಕುತ್ತ ತಡಕುತ್ತ ಹ್ಯಾಂಡಲ್ಲಿನ ಕುತ್ತಿಗೆಯ ಹತ್ತಿರ ಬಂದಾಗ ಮೂವರೂ ಒಂದೇ ಕೆಲಸ ಮಾಡಿದರು. ದೇವರ ದಾರವನ್ನು ಎರಡು ಬೆರಳಿಂದ ಮುಟ್ಟಿ, ಕಣ್ಣಿಗೊತ್ತಿಕೊಂಡು, ಮುಂದಕ್ಕೆ ಹೋದರು.

ಕಂಡವಳು ಹೆಂಡತಿ. ಅವಳು ಹಿಂದೆ ಕೂರುವವಳು. ಗಂಡನ ಭುಜದ ಮೇಲಿಂದ ಅವಳಿಗೆ ಕಾಣುತ್ತಿದ್ದದ್ದು ಹ್ಯಾಂಡಲ್ ಒಂದೇ. ಎರಡನೆಯ ದಿನವೇ ಹೇಳಿದ್ದಳು.

‘ಹ್ಯಾಂಡ್ಲು ತಿರುಗಿಸ್ದಾಗ ಆ ದಾರ ವೈರಿನ ಸಮೇತ ಜಗ್ತೈತೆ ಕಣ್ರೀ. ಒಂದ್ಸಲ ಬಿಚ್ಚಿ ನೋಡಬಾರದಾ?’

‘ದೇವರ ದಾರದ ಸುದ್ದಿಗೆ ಬರಬ್ಯಾಡ’ ಎಂದಿದ್ದ ಗಂಡ. ಅವಳು ಬಾಯಿ ಮುಚ್ಚಿಕೊಂಡಳು. ದಾರಕ್ಕೆ ಅವಳೂ ಕೈ ಮುಗಿಯುವವಳೇ.

ಒಂದು ದಿನ ಮಂಜು ಸುರಿದಿತ್ತು. ತಿರುವಿನಲ್ಲಿ ದೀಪ ಆರಿತು, ಚಕ್ರ ಜಾರಿತು, ಗಾಡಿ ಮಗುಚಿತು. ಹೂವಿನವನು ರಸ್ತೆಯ ಮೇಲೆ ಬಿದ್ದ. ಹಿಂದೆ ಕೂತವಳು ಕಾಣಲಿಲ್ಲ. ಕೂಗಿದ. ಕಾಲುವೆಯ ನೀರಿನ ಸದ್ದು ಮಾತ್ರ ಕೇಳಿಸಿತು. ಕತ್ತಲಲ್ಲಿ ನಾಲ್ಕು ಕಾಲಲ್ಲಿ ತೆವಳಿದ. ಕೈಗೆ ಸಿಕ್ಕಿದ್ದು ಸೇವಂತಿಗೆ, ಕಲ್ಲು, ಮತ್ತೆ ಸೇವಂತಿಗೆ. ತಿರುಗಿ ಬಂದು ಬಿದ್ದ ಗಾಡಿಯ ಹ್ಯಾಂಡಲ್ ಹಿಡಿದು ಜೋರಾಗಿ ಎಳೆದ. ಎಳೆದ ರಭಸಕ್ಕೆ ಹ್ಯಾಂಡಲ್ ನೇರವಾಯಿತು. ದೀಪ ಹತ್ತಿಕೊಂಡಿತು. ಆ ಬೆಳಕಿನಲ್ಲಿ ಕಂಡಳು. ಸೊಂಟದವರೆಗೆ ನೀರಿನಲ್ಲಿದ್ದಳು. ಬುಟ್ಟಿಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಆ ಹಗ್ಗದ ಇನ್ನೊಂದು ತುದಿ ಗಾಡಿಗೆ ಕಟ್ಟಿತ್ತು.

ಮೇಲಕ್ಕೆ ಎಳೆದುಕೊಂಡ. ಇಬ್ಬರೂ ನಡುಗುತ್ತ ಕೂತರು. ಹೂವಿನವನು ಅತ್ತುಬಿಟ್ಟ. ಅತ್ತು ಮುಗಿಸಿ ಏನಂದ ಗೊತ್ತೇ? ‘ದೇವರ ದಾರವೇ ಕಾಪಾಡಿತು. ಸರಿಯಾದ ಹೊತ್ತಿಗೆ ದೀಪ ಹತ್ತಿಸಿತು. ನಾಳೆಯೇ ಬೆಟ್ಟಕ್ಕೆ ಹೋಗಿ ಇನ್ನೂ ಏಳು ಸುತ್ತು ಸುತ್ತಿಸುತ್ತೇನೆ.’

ಓಬಳೇಶನಿಗೆ ನಗು ಬಂತು. ಆದರೆ ನಗು ಬಾಯಿಗೆ ಬರುವ ಮೊದಲೇ ಅವನಿಗೆ ತನ್ನ ಪಡಸಾಲೆ ನೆನಪಾಯಿತು. ಮಣೆಯ ಮೇಲಿನ ಆ ಕಾಗದ, ಅದರ ನಾಲ್ಕು ಮೂಲೆಯ ಅರಿಶಿನ. ಯಾಕೆ ನೆನಪಾಯಿತು ಎಂದು ತಿಳಿಯಲಿಲ್ಲ. ಅವನು ಮೈ ಸರಿಮಾಡಿಕೊಂಡು ಕೂತ.

ಬೆಳಕು ಹರಿಯಿತು, ಎಂದರು ಗುರುಗಳು. ಗಾಡಿ ತಳ್ಳಿಕೊಂಡು ಪೇಟೆಗೆ ಬಂದು ಮೂರನೆಯ ಮೆಕ್ಯಾನಿಕ್ಕಿನ ಅಂಗಡಿಯ ಮುಂದೆ ನಿಲ್ಲಿಸಿದರು. ಹೆಂಡತಿಯ ಸೀರೆ ಇನ್ನೂ ಒದ್ದೆ. ಮೆಕ್ಯಾನಿಕ್ ಗಾಡಿಯನ್ನು ಸ್ಟ್ಯಾಂಡ್ ಹಾಕಿದ. ದೀಪ ಉರಿಯಿತು. ಅವನಿಗೆ ಅಳುವೊಂದು ಬಾಕಿ.

ಹೆಂಡತಿ ಮುಂದೆ ಬಂದಳು. ಹ್ಯಾಂಡಲ್ ಹಿಡಿದು ಪೂರ್ತಿ ಎಡಕ್ಕೆ ತಿರುಗಿಸಿದಳು. ದೀಪ ಆರಿತು. ನೇರ ಮಾಡಿದಳು. ಹತ್ತಿತು. ಮತ್ತೆ ತಿರುಗಿಸಿದಳು. ಆರಿತು. ಇಬ್ಬರು ಗಂಡಸರೂ ಬಾಯಿ ಬಿಟ್ಟುಕೊಂಡು ನಿಂತರು. ಅವಳು ದಾರಕ್ಕೆ ಕೈ ಮುಗಿದಳು. ಆಮೇಲೆ ಗಂಟಿಗೆ ಉಗುರು ಹಾಕಿದಳು.

ಗಂಡ ಅವಳ ಕೈ ಹಿಡಿದ. ‘ಬ್ಯಾಡ ಕಣೇ. ಏನಾದ್ರೂ ಆದೀತು.’

‘ಆಗೋದು ಇನ್ನೇನು ಉಳಿದೈತೆ? ಹೂ ಕಟ್ಟೋಳು ನಾನು. ದಾರ ಎಷ್ಟು ಬಿಗಿಯಿರಬೇಕು ಅಂತ ನಂಗೊತ್ತೈತೆ. ಬಿಗಿ ಜಾಸ್ತಿಯಾದ್ರೆ ದಾರದೊಳಗೇ ತೊಟ್ಟು ಕತ್ತರಿಸಿ ಹೋಗ್ತೈತೆ. ಮಾಲೆ ಬುಟ್ಟೀಲಿ ಮಲಗಿರೋವರ್ಗೂ ಹೂ ನಗ್ತಾನೇ ಇರ್ತೈತೆ. ಎತ್ತಿ ಮುಡಿಯಕ್ಕೆ ಹೋದ್ರೆ ಉದುರ್ತೈತೆ’ ಎಂದಳು.

ಹಿಡಿದ ಕೈ ಸಡಿಲವಾಯಿತು. ಅವಳು ಹದಿನಾಲ್ಕು ಸುತ್ತನ್ನೂ ಬಿಚ್ಚಿದಳು. ಕತ್ತರಿಸಲಿಲ್ಲ, ಬಿಚ್ಚಿದಳು. ಮೆಕ್ಯಾನಿಕ್ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದ. ಮೂವತ್ತು ವರ್ಷದಲ್ಲಿ ಅಂಥ ಸಾವಿರ ದಾರ ಕಂಡಿದ್ದ, ಒಂದನ್ನೂ ಬಿಚ್ಚಿರಲಿಲ್ಲ.

ದಾರದ ಕೆಳಗೆ ವೈರುಗಳ ಕಂತೆ ಸಿಕ್ಕಿಹಾಕಿಕೊಂಡಿತ್ತು. ಕಟ್ಟುವಾಗ ಪೂಜಾರಿಗೂ ಗೊತ್ತಿಲ್ಲ, ಕಟ್ಟಿಸಿದವನಿಗೂ ಗೊತ್ತಿಲ್ಲ. ಎಲ್ಲ ವೈರಿನ ಸಿಪ್ಪೆಯೂ ಚೆನ್ನಾಗಿಯೇ ಇತ್ತು. ಅವಳು ತೊಟ್ಟು ನೋಡುವ ಹಾಗೆ ಒಂದೊಂದನ್ನೇ ಬೆರಳಲ್ಲಿ ಹಿಡಿದು ಬಗ್ಗಿಸಿದಳು. ಒಂದು ವೈರು ಒಳಗೆ ಏನೂ ಇಲ್ಲದ ಹಾಗೆ ತಟ್ಟನೆ ಮಡಚಿಕೊಂಡಿತು. ಮೆಕ್ಯಾನಿಕ್ ಅದರ ಸಿಪ್ಪೆ ಸೀಳಿದ. ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿದ್ದವು. ಸ್ವಿಚ್ಚಿಗೆ ಕರೆಂಟು ತರುವ ವೈರು ಅದು. ಹ್ಯಾಂಡಲ್ ನೇರವಿದ್ದಾಗ ತುಂಡಾದ ಎರಡು ತುದಿಗಳೂ ಒಂದಕ್ಕೊಂದು ತಾಗಿಕೊಂಡಿರುತ್ತಿದ್ದವು. ಎಡಕ್ಕೆ ತಿರುಗಿದರೆ ದಾರ ಜಗ್ಗಿ ದೂರ ಮಾಡುತ್ತಿತ್ತು. ಇಷ್ಟು ದಿನ ಹಿಡಿದುಕೊಂಡಿದ್ದದ್ದು ಸಿಪ್ಪೆ.

ಮೆಕ್ಯಾನಿಕ್ ಎರಡು ತುದಿಗಳನ್ನು ಹೆಣೆದು, ಬೆಸುಗೆ ಹಾಕಿ, ಟೇಪು ಸುತ್ತಿದ. ಬೆಸುಗೆ ಹಾಕುವಾಗ ಬೆರಳು ಸುಟ್ಟುಕೊಂಡ. ಹೂವಿನವನು ಬಿಚ್ಚಿದ ದಾರವನ್ನು ತಗಡಿನ ಸಮೇತ ಎರಡೂ ಕೈಯಲ್ಲಿ ಹಿಡಿದುಕೊಂಡು ಏನು ಮಾಡಬೇಕೆಂದು ತೋಚದೆ ನಿಂತಿದ್ದ. ಹೆಂಡತಿ ಅದನ್ನು ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಕನ್ನಡಿಯ ಕಡ್ಡಿಗೆ ಒಂದೇ ಸುತ್ತು ಸಡಿಲವಾಗಿ ಕಟ್ಟಿದಳು.

ಮರುದಿನ ಕಾಲುವೆಯ ತಿರುವಿನಲ್ಲಿ ದೀಪ ಆರಲಿಲ್ಲ. ಗಂಡ ಹೆಂಡತಿ ಗಾಡಿ ನಿಲ್ಲಿಸಿ ಅಲ್ಲಿ ಏನಿದೆ ಎಂದು ಮೊದಲ ಸಲ ನೋಡಿದರು. ಜೊಂಡಿಗೆ ಸಿಕ್ಕಿಕೊಂಡ ಅವರದೇ ಸೇವಂತಿಗೆ ಹೂಗಳು ಇದ್ದವು. ಬೇರೆ ಏನೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಓಬಳೇಶ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ನೋಡಿದ. ಕತೆ ಚೆನ್ನಾಗಿತ್ತು. ಪ್ರತಿಯೊಂದು ಹೆಜ್ಜೆಯೂ ಸರಿಯಾಗಿತ್ತು. ಉತ್ತರ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ತಾನು ಹೂವಿನವನೋ, ಮೆಕ್ಯಾನಿಕ್ಕೋ, ವೈರೋ ಎಂಬುದೇ ಅವನಿಗೆ ಬಗೆಹರಿಯಲಿಲ್ಲ.

‘ಗುರುಗಳೇ, ಆ ದಾರ ಅಂದರೆ ಅಹಂಕಾರ ಅಲ್ಲವೇ?’

‘ಅಲ್ಲ.’

‘ಹಾಗಾದರೆ ಮೂಢನಂಬಿಕೆ.’

‘ದಾರದಲ್ಲಿ ಏನೂ ತಪ್ಪಿಲ್ಲವಯ್ಯಾ. ಒಳ್ಳೆಯ ದಾರ. ಕನ್ನಡಿಯ ಕಡ್ಡಿಯಲ್ಲಿ ಈಗಲೂ ಇದೆ.’

‘ಮತ್ತೆ ನನ್ನ ದೋಷ ಎಲ್ಲಿದೆ? ನಾನೂ ತುದಿಯಿಂದ ತುದಿಗೆ ಹುಡುಕಿದೆ. ಊಟ ನೋಡಿದೆ, ನಿದ್ದೆ ನೋಡಿದೆ, ಮಾತು ನೋಡಿದೆ, ಕೋಪ ನೋಡಿದೆ. ಇನ್ನು ಯಾವ ಜಾಗ ಉಳಿದಿದೆ? ನನಗೆ ದಿಕ್ಕೇ ತೋಚುತ್ತಿಲ್ಲ ಗುರುಗಳೇ’ ಎಂದ ಓಬಳೇಶ. ನಾಳೆಯ ಹತ್ತೂವರೆ ಗಂಟೆ ಅವನ ಎದೆಯ ಮೇಲೆ ಕೂತಿತ್ತು. ಹೇಳಿಬಿಡಲೇ ಎಂದುಕೊಂಡ. ಅಣ್ಣ ಎಂಬ ಮಾತು ನಾಲಿಗೆಯವರೆಗೆ ಬಂತು, ಅಲ್ಲೇ ನಿಂತಿತು. ಅದರ ಬದಲು ಅವನು ಬಾಗಿ, ಎರಡೂ ಕೈಗಳಿಂದ ಗುರುಗಳ ಪಾದ ಮುಟ್ಟಿ, ಕಣ್ಣಿಗೊತ್ತಿಕೊಂಡ.

ಗುರುಗಳು ಪಾದ ಹಿಂದಕ್ಕೆ ಎಳೆದುಕೊಂಡರು.

ಹಿಂದಿನ ವರ್ಷ ಅವರು ಓಬಳೇಶನ ಮನೆಗೆ ಪಾದಪೂಜೆಗೆ ಬಂದಿದ್ದರು. ಪಡಸಾಲೆಯಲ್ಲಿ ತಮ್ಮದೇ ಪಟದ ಮುಂದೆ ನಿಂತು ಬಹಳ ಹೊತ್ತು ಗೋಡೆ ನೋಡಿದ್ದರು. ಪಟದ ಸುತ್ತ ಗೋಡೆಯ ಮೇಲೆ ಬಣ್ಣ ಮಾಸದ ಒಂದು ಚೌಕವಿತ್ತು. ಪಟಕ್ಕಿಂತ ಅದು ಒಂದು ಗೇಣು ದೊಡ್ಡದು. ಗುರುಗಳಿಗೆ ಪಟ ಮೆಚ್ಚಿಗೆಯಾಯಿತೆಂದು ಓಬಳೇಶ ಅಂದು ಹಿಗ್ಗಿದ್ದ.

ಈಗ ಅವರು ಅವನ ಮುಖವನ್ನು ಅದೇ ರೀತಿ ನೋಡಿದರು. ಹೊಂಗೆಯ ಎಲೆಯೊಂದು ಅವರಿಬ್ಬರ ನಡುವೆ ಬಿತ್ತು. ಅದನ್ನು ಎತ್ತಿ ಬದಿಗಿಟ್ಟು, ಅವರು ಮೆಲ್ಲಗೆ ಕೇಳಿದರು:

‘ಓಬಳೇಶಾ, ನಿಮ್ಮ ಪಡಸಾಲೆಯಲ್ಲಿ ನನ್ನ ಪಟ ತೂಗುತ್ತಿದೆಯಲ್ಲ, ಆ ಮೊಳೆ ಹೊಡೆದವರು ಯಾರು?’